ದುಬಾರಿ ಸೈಕಲ್ಲಿಗೆ ಮನೆ ವಿಮೆ ಸಾಕಾಗುತ್ತಾ?

ಮನೆ ಬಾಗಿಲು ಮುರಿದು ಒಳಗಿದ್ದ ಸೈಕಲ್ ಕದ್ದರೆ ಕಳ್ಳತನದ ಕವರ್ ಇರುವ ಮನೆ ವಿಮೆ ದುಡ್ಡು ಕೊಡುತ್ತದೆ. ಅದೇ ಸೈಕಲ್ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗಿಂದ ಹೋದರೆ ಕೊಡಬಹುದು, ಕೊಡದೆಯೂ ಇರಬಹುದು. ಅಂಗಡಿ ಮುಂದೆ ನಿಲ್ಲಿಸಿದ್ದಾಗ ಹೋದರೆ, ಅದಕ್ಕೆಂದೇ ಬೇರೆ ಕವರ್ ಸೇರಿಸಿರಬೇಕು ಎನ್ನುವ ಪಾಲಿಸಿಗಳು ಬೇಕಾದಷ್ಟಿವೆ. ಸೈಕಲ್ ಒಂದೇ, ಪ್ರೀಮಿಯಂ ಒಂದೇ, ಕದ್ದವನೂ ಒಬ್ಬನೇ ಇರಬಹುದು. ಉತ್ತರ ಮಾತ್ರ ಜಾಗ ಬದಲಾದ ಹಾಗೆ ಬದಲಾಗುತ್ತದೆ.

ಹಾಗಾಗಿ ಸೈಕಲ್ಲನ್ನೂ ಸೇರಿಸಿಕೊಳ್ಳುವ ಅಗ್ಗದ ಮನೆ ವಿಮೆ ಯಾವುದು ಅಂತ ಹುಡುಕಲು ಹೊರಡುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ನಮ್ಮ ಸೈಕಲ್ ಕೈ ತಪ್ಪುವುದಾದರೆ ಎಲ್ಲಿ, ಹೇಗೆ ತಪ್ಪಬಹುದು? ಮನೆಯಲ್ಲಾ, ಬೀದಿಯಲ್ಲಾ, ಬಿದ್ದು ಮುರಿದಾ, ವಿಮಾನದ ಲಗೇಜಿನಲ್ಲಾ? ಇದು ಗೊತ್ತಾದ ಮೇಲೆ ಬೆಲೆ ಹೋಲಿಸಿದರೆ ಪ್ರಯೋಜನ. ಇಲ್ಲದಿದ್ದರೆ ನಮಗೆ ಬೇಡದ ಕವರ್‌ಗೆ ದುಡ್ಡು ಕಟ್ಟಿ, ಬೇಕಾದ್ದನ್ನೇ ಬಿಟ್ಟಿರುತ್ತೇವೆ.

ವಿಮಾ ಕಂಪನಿಗಳು ಸೈಕಲ್ ಅಂದರೆ ಯಾಕೆ ಮುಖ ಗಂಟು ಹಾಕುತ್ತವೆ ಅನ್ನುವುದನ್ನು ಮೊದಲು ನೋಡೋಣ. ಮನೆ ಸಾಮಾನಿನ ವಿಮೆಯ ಲೆಕ್ಕ ನಿಂತಿರುವುದು ಒಂದು ನಂಬಿಕೆಯ ಮೇಲೆ. ಸೋಫಾ, ಟಿವಿ, ಫ್ರಿಜ್ಜು ಎಲ್ಲ ಇಟ್ಟ ಕಡೆಯೇ ಇರುತ್ತವೆ. ಬೆಂಕಿ, ನೀರು, ಕಳ್ಳತನ ಬಿಟ್ಟರೆ ಅವಕ್ಕೆ ದೊಡ್ಡ ಅಪಾಯ ಇಲ್ಲ. ಸೈಕಲ್ ಹಾಗಲ್ಲ, ಅದಿರುವುದೇ ಹೊರಗೆ ಹೋಗಲು. ಜತೆಗೆ ಇದರಷ್ಟು ಹಗುರವಾಗಿದ್ದೂ ಇಷ್ಟು ಬೆಲೆ ಬಾಳುವ ಸಾಮಾನು ಮನೆಗಳಲ್ಲಿ ಕಡಿಮೆ. ರಸ್ತೆ ರೇಸಿನ ಸೈಕಲ್ಲಿಗೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಇಟ್ಟಿರುವ ಕನಿಷ್ಠ ತೂಕ 6.8 ಕಿಲೋ. ಒಳ್ಳೆಯ ಕಾರ್ಬನ್, ಅಂದರೆ ಇಂಗಾಲದ ನಾರಿನ, ಸೈಕಲ್‌ಗಳು ಆಚೀಚೆ ಅಷ್ಟೇ ತೂಗುತ್ತವೆ. ಒಂದು ಕೈಯಲ್ಲಿ ಎತ್ತಬಹುದು, ಹತ್ತಿ ಓಡಿಸಿಕೊಂಡೂ ಹೋಗಬಹುದು. ಬಹಳಷ್ಟು ಕಡೆ ನಂಬರ್ ಪ್ಲೇಟ್ ಇಲ್ಲ, ನೋಂದಣಿ ಇಲ್ಲ. ಚಕ್ರ, ಗೇರ್, ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಎಲ್ಲ ಬಿಡಿಬಿಡಿಯಾಗಿ ಮಾರಿಕೊಳ್ಳಲು ಬರುತ್ತದೆ. ಕಳ್ಳನ ಜಾಗದಲ್ಲಿ ನಿಂತು ಯೋಚಿಸಿದರೆ ಕಂಪನಿಯ ಹೆದರಿಕೆ ಅರ್ಥವಾಗುತ್ತದೆ, ಅಲ್ವಾ?

ಆ ಹೆದರಿಕೆಗೆ ಕಂಪನಿ ಕಂಡುಕೊಂಡಿರುವ ಮೊದಲ ದಾರಿ, ಒಂದು ವಸ್ತುವಿಗೆ ಇಷ್ಟೇ ಎನ್ನುವ ಮಿತಿ. ಪಾಲಿಸಿಯ ಮೊದಲ ಪುಟದಲ್ಲಿ ದೊಡ್ಡದಾಗಿ ಕಾಣುವುದು ಒಟ್ಟು ಮೊತ್ತ. ಈ ಮಿತಿ ಒಳಗಿನ ಪುಟದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ಕೂತಿರುತ್ತದೆ. ಮನೆ ಸಾಮಾನಿನ ಒಟ್ಟು ವಿಮೆ 1000 ಅಂತಿಟ್ಟುಕೊಳ್ಳಿ, ಯಾವ ನಾಣ್ಯವಾದರೂ ಸರಿ. ಒಂದು ವಸ್ತುವಿನ ಮಿತಿ 20. ಸೈಕಲ್ ಬೆಲೆ 60. ಡಿಡಕ್ಟಿಬಲ್, ಅಂದರೆ ಪ್ರತಿ ಕ್ಲೇಮಿನಲ್ಲೂ ನಮ್ಮ ಜೇಬಿನಿಂದಲೇ ಹೋಗುವ ಮೊದಲ ಪಾಲು, 5. ಸೈಕಲ್ ಹೋದರೆ ಕಂಪನಿ ಲೆಕ್ಕಕ್ಕೆ ಹಿಡಿಯುವುದು 20. ಅದರಲ್ಲಿ 5 ಕಳೆದರೆ ಕೈಗೆ ಬರುವುದು 15, ಬೆಲೆಯ ಕಾಲು ಭಾಗ. ಒಟ್ಟು ಮೊತ್ತವನ್ನು 1000ದಿಂದ 2000ಕ್ಕೆ ಏರಿಸಿದರೂ ಆ 20 ಅಲ್ಲಾಡದೆ ಇರಬಹುದು.

ಜರ್ಮನಿಯ ಮನೆ ವಿಮೆಗಳಲ್ಲಿ ಇದಕ್ಕೆ ಬೇರೆ ರೂಪ ಇದೆ. ಬೀಗ ಹಾಕಿದ ಮನೆ ಅಥವಾ ನೆಲಮಾಳಿಗೆಗೆ ನುಗ್ಗಿ ಕದ್ದರೆ ಸೈಕಲ್ ಕೂಡ ಮಿಕ್ಕ ಸಾಮಾನಿನ ಲೆಕ್ಕವೇ. ಹೊರಗೆ ಬೀಗ ಹಾಕಿ ನಿಲ್ಲಿಸಿದ್ದು ಹೋದರೆ ಮಾತ್ರ ಸೈಕಲ್‌ಗೆಂದೇ ಒಂದು ಷರತ್ತನ್ನು ಪಾಲಿಸಿಗೆ ಸೇರಿಸಿರಬೇಕು. ಪರಿಹಾರವನ್ನು ಒಟ್ಟು ವಿಮಾ ಮೊತ್ತದ ಶೇಕಡಾ ಇಷ್ಟು ಅಂತ ಕಟ್ಟಿಹಾಕುವುದು ಅಲ್ಲಿ ರೂಢಿ. ಅದು ಶೇಕಡಾ 1ರಷ್ಟು ಕಡಿಮೆಯೂ ಇರಬಹುದು. ಅಮೆರಿಕದ ಸಾಮಾನ್ಯ ಮನೆ ಪಾಲಿಸಿ ಇದಕ್ಕೆ ಉಲ್ಟಾ. ಮನೆ ಸಾಮಾನು ಹೊರಗಿದ್ದಾಗಲೂ ಕಳ್ಳತನಕ್ಕೆ ರಕ್ಷಣೆ ಇದೆ, ಆದರೆ ಡಿಡಕ್ಟಿಬಲ್ ದೊಡ್ಡದಿರುವುದರಿಂದ ಸಾಧಾರಣ ಸೈಕಲ್ ಹೋದರೆ ಕೈಗೆ ಏನೂ ಬಾರದೆ ಇರಬಹುದು. ಬ್ರಿಟನ್ನಿನಲ್ಲಿ ಮನೆಯಾಚೆಗಿನ ಸೈಕಲ್ ಕವರ್ ಅನೇಕ ಪಾಲಿಸಿಗಳಲ್ಲಿ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಸಾಲು. ಒಂದು ದೇಶದವರು ಕೊಟ್ಟ ಸಲಹೆಯನ್ನು ಓದಿ ಇನ್ನೊಂದು ದೇಶದಲ್ಲಿ ಪಾಲಿಸಿ ಕೊಳ್ಳಬಾರದು ಅನ್ನುವುದು ಇದಕ್ಕೇ.

ಮಿತಿ ದಾಟಲು ಇರುವ ನೇರ ಉಪಾಯ ಸೈಕಲ್ಲನ್ನು ಹೆಸರಿಟ್ಟು ಪಟ್ಟಿಗೆ ಸೇರಿಸುವುದು. ಕಂಪನಿ, ಮಾಡೆಲ್, ಫ್ರೇಮ್ ನಂಬರ್, ಬೆಲೆ ಬರೆಸಬೇಕು. ಬೆಲೆ ಅಂದಾಗ ಅಂಗಡಿಯಲ್ಲಿ ಕೊಟ್ಟ ಬೆಲೆಯನ್ನಷ್ಟೇ ಬರೆಸುವವರು ಜಾಸ್ತಿ. ಆಮೇಲೆ ಹಾಕಿಸಿದ ಕಾರ್ಬನ್ ಚಕ್ರ, ಬದಲಾಯಿಸಿದ ಗೇರ್ ಸೆಟ್, ಪವರ್ ಮೀಟರ್ ಮರೆತೇ ಹೋಗಿರುತ್ತವೆ. ಕೆಲವು ಸೈಕಲ್‌ಗಳಲ್ಲಿ ಚಕ್ರದ ಬೆಲೆಯೇ ಫ್ರೇಮಿನ ಹತ್ತಿರ ಬರುತ್ತದೆ. ಲೈಟು, ಜಿಪಿಎಸ್ ಮೀಟರ್‌ನಂಥ ಬಿಡಿ ಸಾಮಾನು ಮಾತ್ರ ಕಳುವಾದರೆ ಕೊಡುವುದಿಲ್ಲ, ಸೈಕಲ್ ಜತೆಗೇ ಹೋದರೆ ಕೊಡುತ್ತೇವೆ ಎನ್ನುವ ಪಾಲಿಸಿಗಳೂ ಇವೆ. ನಿಮ್ಮ ಊರಲ್ಲಿ ಕಳ್ಳರು ಬರೀ ಚಕ್ರ ಬಿಚ್ಚಿಕೊಂಡು ಹೋಗುವವರಾದರೆ ಈ ಸಾಲನ್ನು ಮೊದಲು ಓದಿ.

ಸೈಕಲ್ ಸೇರಿಸುವಾಗ ಒಟ್ಟು ಮೊತ್ತವನ್ನೂ ಏರಿಸಬೇಕಾಗಬಹುದು. ಬಹಳಷ್ಟು ಮನೆ ವಿಮೆಗಳಲ್ಲಿ ಸರಾಸರಿ ಷರತ್ತು ಅಂತ ಒಂದಿರುತ್ತದೆ. ಮನೆಯ ಸಾಮಾನು 100 ಬಾಳುತ್ತಿದ್ದು ನೀವು 50ಕ್ಕೆ ಮಾತ್ರ ವಿಮೆ ಮಾಡಿಸಿದ್ದರೆ, 10 ನಷ್ಟವಾದಾಗ 5 ಕೊಡುತ್ತೇವೆ ಎನ್ನುವ ನಿಯಮ ಅದು. ಪ್ರೀಮಿಯಂ ಉಳಿಸಲು ಒಟ್ಟು ಬೆಲೆಯನ್ನು ಕಮ್ಮಿ ತೋರಿಸುವವರಿಗೆ ಏಟು ಬೀಳುವುದು ಇಲ್ಲೇ. ಇನ್ನು ಸವಕಳಿ. ಹಳೆಯದಕ್ಕೆ ಹೊಸದು ಕೊಡುವ ಪಾಲಿಸಿಯಾ, ಅಥವಾ ಬಳಸಿದ ವರ್ಷಗಳನ್ನು ಕಳೆದು ಕೊಡುವ ಪಾಲಿಸಿಯಾ? ಎರಡನೆಯದು ಅಗ್ಗ ಕಾಣುತ್ತದೆ. ಐದು ವರ್ಷ ಓಡಿಸಿದ ಸೈಕಲ್ ಹೋದಾಗ ಅದರ ಅಗ್ಗತನ ತಿಳಿಯುತ್ತದೆ.

ಬೀಗದ ಮಾತು

ಕ್ಲೇಮ್ ತಿರಸ್ಕಾರವಾಗಲು ಬೆಲೆಗಿಂತ ದೊಡ್ಡ ನೆಪ ಬೀಗ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪಾಲಿಸಿಯಲ್ಲಿ ಬೀಗ ಹಾಕಿರಬೇಕು ಅಂತಷ್ಟೇ ಬರೆದಿದ್ದರೆ ಅದು ಸಡಿಲ ಷರತ್ತು. ಬೆಲೆ ಏರಿದ ಹಾಗೆ ಷರತ್ತು ಬಿಗಿಯಾಗುತ್ತದೆ. ಬ್ರಿಟನ್ನಿನಲ್ಲಿ ಸೋಲ್ಡ್ ಸೆಕ್ಯೂರ್ ಎಂಬ ಸಂಸ್ಥೆ ಬೀಗಗಳನ್ನು ಪರೀಕ್ಷೆ ಮಾಡಿ ಕಂಚು, ಬೆಳ್ಳಿ, ಚಿನ್ನ, ವಜ್ರ ಅಂತ ದರ್ಜೆ ಕೊಡುತ್ತದೆ. 1992ರಲ್ಲಿ ನಾರ್ಥಂಬ್ರಿಯಾ ಮತ್ತು ಎಸೆಕ್ಸ್ ಪೊಲೀಸರು ಸರ್ಕಾರದ ಗೃಹ ಇಲಾಖೆಯ ನೆರವಿನಿಂದ ಶುರು ಮಾಡಿದ ಸಂಸ್ಥೆ ಇದು. ನೆದರ್ಲೆಂಡ್ಸ್‌ನಲ್ಲಿ ಎಆರ್‌ಟಿ ಎಂಬ ಗುರುತು ಇದೆ, ಅದು ನಕ್ಷತ್ರಗಳ ಲೆಕ್ಕ. ಅಲ್ಲಿನ ಸೈಕಲ್ ವಿಮೆಗಳು ಸಾಮಾನ್ಯವಾಗಿ ಕೇಳುವುದು ಎರಡು ನಕ್ಷತ್ರದ ಬೀಗ. ನಿಮ್ಮ ಪಾಲಿಸಿ ಇಂಥ ದರ್ಜೆ ಕೇಳುತ್ತಿದ್ದರೆ, ಅದಕ್ಕಿಂತ ಗಟ್ಟಿ ಕಾಣುವ ಬೇರೆ ಬೀಗ ಹಾಕಿದ್ದೆ ಅಂದರೆ ಯಾರೂ ಕೇಳುವುದಿಲ್ಲ. ಪಟ್ಟಿಯಲ್ಲಿ ಇರಬೇಕು, ಅಷ್ಟೇ. ಬೀಗದ ರಸೀದಿಯನ್ನು ಸೈಕಲ್ ರಸೀದಿಯಷ್ಟೇ ಜೋಪಾನ ಮಾಡಿ. ಕೀಲಿಗಳನ್ನೂ. ಕ್ಲೇಮ್ ಮಾಡುವಾಗ ಎರಡೂ ಕೀಲಿ ತಂದುಕೊಡಿ ಅಂತ ಕೇಳುವ ಕಂಪನಿಗಳಿವೆ, ಕೀಲಿ ಬೀಗದಲ್ಲೇ ಬಿಟ್ಟಿದ್ದಿರಾ ಅಂತ ತಿಳಿಯುವ ಉಪಾಯ ಅದು.

ಯಾವುದಕ್ಕೆ ಕಟ್ಟಿ ಬೀಗ ಹಾಕಿದ್ದಿರಿ ಅನ್ನುವುದೂ ಬರುತ್ತದೆ. ಅಲ್ಲಾಡಿಸಲಾಗದ ವಸ್ತುವಿಗೆ, ಫ್ರೇಮ್ ಸೇರಿಸಿ ಕಟ್ಟಿರಬೇಕು ಅನ್ನುವುದು ಸಾಮಾನ್ಯ ಷರತ್ತು. ಮುಂದಿನ ಚಕ್ರಕ್ಕೆ ಮಾತ್ರ ಬೀಗ ಹಾಕಿದ್ದರೆ ಕಳ್ಳ ಚಕ್ರ ಬಿಟ್ಟು ಉಳಿದಿದ್ದನ್ನು ಒಯ್ಯುತ್ತಾನೆ, ಕಂಪನಿ ಷರತ್ತು ತೋರಿಸಿ ಕೈ ಚೆಲ್ಲುತ್ತದೆ. ಮೇಲಿಂದ ಸೈಕಲ್ ಎತ್ತಿ ತೆಗೆಯಬಹುದಾದ ಗಿಡ್ಡ ಕಂಬ, ಕೈಗರಗಸಕ್ಕೆ ಬಗ್ಗುವ ಎಳೆ ಮರ ಲೆಕ್ಕಕ್ಕಿಲ್ಲ. ಕಾರಿನ ಹಿಂದಿನ ರ‍್ಯಾಕಿನಲ್ಲಿ ಸಿಕ್ಕಿಸಿ ಹೋಟೆಲಿಗೆ ಹೋದಾಗ ಕದ್ದರೆ ಅದಕ್ಕೂ ಬೇರೆ ಸಾಲಿರುತ್ತದೆ, ರ‍್ಯಾಕಿಗೆ ಬೀಗ, ಸೈಕಲ್ಲಿಗೆ ಬೀಗ ಅಂತ.

ಸಮಯದ ಮಿತಿಯನ್ನು ಜನ ಗಮನಿಸುವುದೇ ಇಲ್ಲ. ಒಂದೇ ಜಾಗದಲ್ಲಿ ಇಷ್ಟು ಗಂಟೆಗಿಂತ ಹೆಚ್ಚು ಬಿಟ್ಟರೆ ಕೈಬಿಟ್ಟ ಸೈಕಲ್ ಅಂತ ಲೆಕ್ಕ ಹಿಡಿಯುವ ಪಾಲಿಸಿಗಳಿವೆ. ರೈಲು ನಿಲ್ದಾಣದಲ್ಲಿ ಸೈಕಲ್ ಬಿಟ್ಟು ಊರಿಗೆ ಹೋಗಿ ಮರುದಿನ ಬರುವವರಿಗೆ ಇದು ನೇರವಾಗಿ ತಟ್ಟುತ್ತದೆ. ಜರ್ಮನಿಯ ಹಳೆಯ ಪಾಲಿಸಿಗಳಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಿದ್ದ ಸೈಕಲ್ಲಿಗೆ ರಕ್ಷಣೆ ಇಲ್ಲ ಎನ್ನುವ ಷರತ್ತೇ ಇತ್ತು, ಆ ಹೊತ್ತಿನಲ್ಲಿ ಸೈಕಲ್ ಬಳಕೆಯಲ್ಲಿದ್ದರೆ ವಿನಾಯಿತಿ. ಹೊಸ ಪಾಲಿಸಿಗಳು ಇದನ್ನು ಬಹಳಷ್ಟು ಮಟ್ಟಿಗೆ ಬಿಟ್ಟಿವೆ. ವರ್ಷಗಳ ಹಿಂದೆ ಮಾಡಿಸಿದ ಪಾಲಿಸಿಯನ್ನು ಸುಮ್ನೆ ನವೀಕರಿಸುತ್ತಾ ಬಂದವರ ಹತ್ತಿರ ಮಾತ್ರ ಹಳೆಯ ಷರತ್ತು ಹಾಗೇ ಉಳಿದಿರಬಹುದು.

ಮನೆಯಲ್ಲಿದ್ದರೆ ಚಿಂತೆ ಇಲ್ಲ ಅನ್ನುವ ಹಾಗೂ ಇಲ್ಲ. ಮನೆ ಅಂದರೆ ಯಾವುದು? ಹಿತ್ತಲಿನ ಶೆಡ್, ಬೇರೆ ಕಟ್ಟಿದ ಗ್ಯಾರೇಜಿಗೆ ಕೆಲವು ಪಾಲಿಸಿಗಳಲ್ಲಿ ಪ್ರತ್ಯೇಕ, ತೀರಾ ಕಮ್ಮಿ ಮಿತಿ ಇರುತ್ತದೆ. ಅಪಾರ್ಟ್‌ಮೆಂಟಿನ ಎಲ್ಲರೂ ಓಡಾಡುವ ಜಾಗ ನಿಮ್ಮ ಮನೆ ಅಂತ ಲೆಕ್ಕಕ್ಕೆ ಬಾರದೆ ಹೋಗಬಹುದು, ಅಲ್ಲೂ ಬೀಗ ಬೇಕು. ಬಲವಂತವಾಗಿ ನುಗ್ಗಿದ ಗುರುತು ಇರಬೇಕು ಎನ್ನುವ ಷರತ್ತಿದ್ದರೆ, ಬಾಗಿಲು ತೆರೆದಿಟ್ಟು ಹಿತ್ತಲಿಗೆ ಹೋಗಿದ್ದಾಗ ಮಾಯವಾದ ಸೈಕಲ್ಲಿಗೆ ಕ್ಲೇಮ್ ಕಷ್ಟ.

ಬಿದ್ದು ಮುರಿದರೆ

ಇಲ್ಲಿ ನನಗೆ ಅನ್ನಿಸುವುದನ್ನು ನೇರವಾಗಿ ಹೇಳಿಬಿಡುತ್ತೇನೆ. ತೀರಾ ದುಬಾರಿ ಸೈಕಲ್ ಇರುವವರು ಬಹಳ ಜನ ಅದನ್ನು ಬೀದಿಯಲ್ಲಿ ಬಿಡುವುದೇ ಇಲ್ಲ. ಬೆಳಗ್ಗೆ ಹತ್ತುತ್ತಾರೆ, ಓಡಿಸುತ್ತಾರೆ, ವಾಪಸ್ ಬಂದು ಮನೆಯೊಳಗೆ ನಿಲ್ಲಿಸುತ್ತಾರೆ. ಟೀ ಕುಡಿಯಲು ನಿಂತರೂ ಕಣ್ಣು ಸೈಕಲ್ ಮೇಲೇ. ಅವರಿಗೆ ಬೀದಿ ಕಳ್ಳತನಕ್ಕಿಂತ ಎರಡು ಅಪಾಯ ದೊಡ್ಡವು. ಒಂದು, ಮನೆಗೇ ಕನ್ನ ಬೀಳುವುದು. ಇನ್ನೊಂದು, ಬಿದ್ದು ಫ್ರೇಮ್ ಸೀಳುವುದು. ಬೀದಿ ಕಳ್ಳತನದ ಕವರ್ ನಿಜಕ್ಕೂ ಬೇಕಾಗಿರುವುದು ಮಧ್ಯಮ ಬೆಲೆಯ ಸೈಕಲ್ಲಿನಲ್ಲಿ ದಿನಾ ಕೆಲಸಕ್ಕೆ ಹೋಗಿ, ಇಡೀ ದಿನ ಹೊರಗೆ ಕಟ್ಟಿಹಾಕುವವರಿಗೆ. ಇಬ್ಬರೂ ಒಂದೇ ಪಾಲಿಸಿ ಹುಡುಕುತ್ತಾರೆ, ಬೆಲೆ ಹೋಲಿಸುವ ವೆಬ್‌ಸೈಟುಗಳೂ ಇಬ್ಬರಿಗೂ ಒಂದೇ ಪಟ್ಟಿ ಕೊಡುತ್ತವೆ.

ಬಿದ್ದು ಆಗುವ ಹಾನಿಗೆ ಮೂಲ ಮನೆ ವಿಮೆಯಲ್ಲಿ ಸಾಮಾನ್ಯವಾಗಿ ರಕ್ಷಣೆ ಇರುವುದಿಲ್ಲ. ಆಕಸ್ಮಿಕ ಹಾನಿಯ ಕವರ್ ಸೇರಿಸಬೇಕು. ಅಮೆರಿಕದಲ್ಲಾದರೆ ವಸ್ತುವನ್ನು ಪಟ್ಟಿಗೆ ಸೇರಿಸಿದಾಗ ರಕ್ಷಣೆ ಹೆಚ್ಚು ಅಗಲವಾಗುತ್ತದೆ, ಎಷ್ಟೋ ಸಲ ಡಿಡಕ್ಟಿಬಲ್ ಕೂಡ ಇರುವುದಿಲ್ಲ. ಸೇರಿಸಿದ ಮೇಲೂ ಸಾಮಾನ್ಯವಾಗಿ ರೇಸ್ ಹೊರಗೆ, ಬಾಡಿಗೆ ಅಥವಾ ಡೆಲಿವರಿ ಕೆಲಸ ಹೊರಗೆ, ಸವೆತ ಹೊರಗೆ. ಸಮಯ ಅಳೆಯುವ ಸಾಮೂಹಿಕ ಸೈಕಲ್ ಓಟಗಳು ರೇಸಾ ಅಲ್ವಾ ಅನ್ನುವುದು ಜಗಳದ ವಿಷಯ. ವರ್ಷಕ್ಕೊಂದು ಟ್ರಯಥ್ಲಾನ್ ಮಾಡುವವರು ಇದನ್ನು ಮೊದಲೇ ಕೇಳಿ ಬರಹದಲ್ಲಿ ಉತ್ತರ ತಗೊಳ್ಳಬೇಕು. ರೇಸಿಗೆ ಹೋಗುವವರಿಗೆ ಮನೆ ವಿಮೆ ಸರಿಯಾದ ಜಾಗವಲ್ಲ ಅನ್ನುವುದು ನನ್ನ ಅಭಿಪ್ರಾಯ. ಸೈಕಲ್ಲಿಗೆಂದೇ ಇರುವ ಪ್ರತ್ಯೇಕ ಪಾಲಿಸಿಗಳಲ್ಲಿ ರೇಸ್ ಕವರ್ ಸಿಗುತ್ತದೆ.

ಕಾರ್ಬನ್ ಫ್ರೇಮಿನ ವಿಷಯ ಬೇರೆಯೇ. ಅಲ್ಯುಮಿನಿಯಂ ನೆಗ್ಗುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್‌ನ ಒಳಗಿನ ಪದರಗಳು ಬಿಟ್ಟುಕೊಂಡಿದ್ದರೂ ಮೇಲಿನ ಬಣ್ಣ ಹಾಗೇ ಇರಬಹುದು. ಅಲ್ಟ್ರಾಸೌಂಡ್‌ನಂಥ ಪರೀಕ್ಷೆ ಬೇಕಾಗುತ್ತದೆ. ಅದರ ಖರ್ಚು ಯಾರದು, ರಿಪೇರಿ ಆಗುತ್ತದೆ ಅಂತಾದರೆ ರಿಪೇರಿಯಾ ಅಥವಾ ಹೊಸ ಫ್ರೇಮಾ, ಇವೆಲ್ಲ ಪಾಲಿಸಿಯಿಂದ ಪಾಲಿಸಿಗೆ ಬೇರೆ. ಇದರ ಜತೆಗೆ ಒಂದು ಪುಕ್ಕಟೆ ರಕ್ಷಣೆಯನ್ನು ಮರೆಯಬೇಡಿ. ಹಲವು ಸೈಕಲ್ ತಯಾರಕರು ಅಪಘಾತದಲ್ಲಿ ಮುರಿದ ಫ್ರೇಮಿಗೆ ಬದಲಿ ಫ್ರೇಮನ್ನು ರಿಯಾಯಿತಿಯಲ್ಲಿ ಕೊಡುತ್ತಾರೆ. ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಮಾತ್ರ, ಅದೂ ಮೊದಲೇ ನೋಂದಣಿ ಮಾಡಿಸಿದ್ದರೆ. ಈ ಸೌಲಭ್ಯ ಇದ್ದರೆ ಅಪಘಾತದ ಕವರ್‌ಗೆ ದುಡ್ಡು ಕಟ್ಟಬೇಕಾ ಅಂತ ಇನ್ನೊಮ್ಮೆ ಯೋಚಿಸಬಹುದು.

ವಿಮಾನದಲ್ಲಿ ಸೈಕಲ್ ಒಯ್ಯುವವರಿಗೆ ಒಂದು ಲೆಕ್ಕ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಲಗೇಜು ಹಾಳಾದರೆ ಅಥವಾ ಕಳೆದರೆ ವಿಮಾನ ಕಂಪನಿ ಎಷ್ಟು ಕೊಡಬೇಕು ಅನ್ನುವುದನ್ನು 1999ರ ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. 2024ರ ಡಿಸೆಂಬರ್ 28ರಿಂದ ಆ ಮಿತಿ ಒಬ್ಬ ಪ್ರಯಾಣಿಕರಿಗೆ 1519 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕ, ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು. ಒಳ್ಳೆಯ ಕಾರ್ಬನ್ ಸೈಕಲ್ಲಿಗೆ ಇದು ಯಾವ ಮೂಲೆಗೂ ಸಾಲದು. ಚೆಕ್ ಇನ್ ಮಾಡುವಾಗ ಹೆಚ್ಚಿನ ಬೆಲೆ ಘೋಷಿಸಿ, ಕೇಳಿದರೆ ಹೆಚ್ಚುವರಿ ಶುಲ್ಕ ಕಟ್ಟಿ ಮಿತಿ ಏರಿಸಿಕೊಳ್ಳಲು ಅದೇ ಒಪ್ಪಂದದಲ್ಲಿ ಅವಕಾಶ ಇದೆ. ಹಾನಿ ಕಂಡರೆ ಲಗೇಜು ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಮನೆ ವಿಮೆಯಲ್ಲಿ ವಿದೇಶದ ಕವರ್ ಇದ್ದರೂ ವರ್ಷಕ್ಕೆ ಇಷ್ಟು ದಿನ ಅಂತಿರುತ್ತದೆ, ಸಾಗಣೆಯಲ್ಲಿ ಆದ ಹಾನಿ ಹೊರಗಿರಬಹುದು.

ಅಗ್ಗ ಅಂದರೆ ಎಷ್ಟು

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಸೈಕಲ್ ಬೆಲೆ 100 ಅಂತಿಟ್ಟುಕೊಳ್ಳಿ. ಅದಕ್ಕೆಂದು ವರ್ಷಕ್ಕೆ ಹೆಚ್ಚುವರಿಯಾಗಿ 8 ಕಟ್ಟುತ್ತಿದ್ದೀರಿ, ಡಿಡಕ್ಟಿಬಲ್ 10. ಹತ್ತು ವರ್ಷದಲ್ಲಿ ಒಮ್ಮೆ ಕಳುವಾದರೆ ನೀವು ಕಟ್ಟಿದ್ದು 80, ಬಂದಿದ್ದು 90. ಹತ್ತು ವರ್ಷದಲ್ಲಿ ಒಮ್ಮೆಯೂ ಕಳುವಾಗದಿದ್ದರೆ ಆ ದುಡ್ಡಲ್ಲಿ ಇನ್ನೊಂದು ಸೈಕಲ್ ಹೆಚ್ಚುಕಮ್ಮಿ ಬಂದಿರುತ್ತಿತ್ತು. ಅದೇ ಹೆಚ್ಚುವರಿ ಪ್ರೀಮಿಯಂ 2 ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಸೈಕಲ್ ಹೋದರೆ ಉಳಿತಾಯದಿಂದ ಕಷ್ಟವಿಲ್ಲದೆ ಇನ್ನೊಂದು ಕೊಳ್ಳಬಲ್ಲವರು ಒಳ್ಳೆಯ ಬೀಗಕ್ಕೆ ದುಡ್ಡು ಹಾಕಿ ವಿಮೆ ಬಿಟ್ಟರೂ ತಪ್ಪಿಲ್ಲ. ಹೋದರೆ ಮತ್ತೆ ಕೊಳ್ಳಲು ಆಗದವರಿಗೆ ವಿಮೆ ಬೇಕು.

ಈ ಲೆಕ್ಕದಲ್ಲಿ ಕಾಣದ ಖರ್ಚೊಂದಿದೆ. ಮನೆ ವಿಮೆಯ ಮೇಲೆ ಸೈಕಲ್ ಕ್ಲೇಮ್ ಮಾಡಿದರೆ ದಾಖಲೆಯಲ್ಲಿ ಅದು ಮನೆಯ ಕ್ಲೇಮ್ ಆಗಿ ಉಳಿಯುತ್ತದೆ. ಕ್ಲೇಮ್ ಇಲ್ಲದ ವರ್ಷಗಳ ರಿಯಾಯಿತಿ ಹೋಗಬಹುದು. ಮುಂದಿನ ವರ್ಷಗಳಲ್ಲಿ ಇಡೀ ಮನೆಯ ಪ್ರೀಮಿಯಂ ಏರಬಹುದು, ಕಂಪನಿ ಬದಲಾಯಿಸಿದರೂ ಹಳೆಯ ಕ್ಲೇಮ್‌ಗಳನ್ನು ಹೇಳಬೇಕಾಗುತ್ತದೆ. ಪ್ರತ್ಯೇಕ ಸೈಕಲ್ ಪಾಲಿಸಿ ದುಬಾರಿ ಕಂಡರೂ ಈ ಹೊಡೆತ ಮನೆ ಪ್ರೀಮಿಯಂಗೆ ನೇರವಾಗಿ ಬೀಳದು. ಕಳುವಿನ ಸಾಧ್ಯತೆ ಜಾಸ್ತಿ ಇದ್ದರೆ ಬೇರೆ ಪಾಲಿಸಿ, ಅಪರೂಪವಾದರೆ ಮನೆ ವಿಮೆಗೇ ಸೇರಿಸುವುದು, ಹೀಗೆ ವಿಂಗಡಿಸಿದರೆ ಬಹಳಷ್ಟು ಜನರಿಗೆ ಸರಿಹೋಗುತ್ತದೆ. ಎರಡೂ ಕಡೆ ಒಂದೇ ಸೈಕಲ್ಲಿಗೆ ವಿಮೆ ಮಾಡಿಸಿ ಎರಡು ಸಲ ದುಡ್ಡು ಪಡೆಯಲು ಆಗುವುದಿಲ್ಲ. ನಷ್ಟ ಎಷ್ಟೋ ಅಷ್ಟನ್ನೇ ಇಬ್ಬರೂ ಹಂಚಿಕೊಂಡು ಕೊಡುತ್ತಾರೆ.

ಪ್ರೀಮಿಯಂ ಇಳಿಸುವ ನ್ಯಾಯವಾದ ದಾರಿಗಳು ಕೆಲವಿವೆ. ಡಿಡಕ್ಟಿಬಲ್ ಏರಿಸುವುದು. ಬೀದಿಯಲ್ಲಿ ಬಿಡದ ಸೈಕಲ್ಲಿಗೆ ಮನೆಯಾಚೆಗಿನ ಕಳ್ಳತನದ ಕವರ್ ತೆಗೆಸುವುದು. ಮನೆಯಲ್ಲಿ ನಾಲ್ಕು ಸೈಕಲ್ ಇದ್ದರೆ ದುಬಾರಿಯದನ್ನು ಮಾತ್ರ ಹೆಸರಿಟ್ಟು ಸೇರಿಸುವುದು. ಬಾಡಿಗೆ ಮನೆಯವರು ಕಟ್ಟಡದ ಗೊಡವೆ ಬಿಟ್ಟು ಸಾಮಾನಿನ ವಿಮೆ ಮಾತ್ರ ತಗೊಂಡರೆ ಸಾಕು. ಸೈಕ್ಲಿಂಗ್ ಸಂಘದ ಸದಸ್ಯತ್ವದ ಜತೆ ವಿಮೆ ಬರುತ್ತದೆ ಅಂತ ಕೇಳಿ ನೆಮ್ಮದಿಯಾಗಿರುವವರು ಒಮ್ಮೆ ಪತ್ರ ತೆಗೆದು ಓದಬೇಕು. ಬ್ರಿಟಿಷ್ ಸೈಕ್ಲಿಂಗ್, ಜರ್ಮನಿಯ ಎಡಿಎಫ್‌ಸಿಯಂಥ ಸಂಘಗಳು ಸದಸ್ಯತ್ವದ ಜತೆ ಕೊಡುವುದು ನಾವು ಬೇರೆಯವರಿಗೆ ಮಾಡುವ ಹಾನಿಯ ಹೊಣೆಗೆ ರಕ್ಷಣೆ. ಬೇಕಾದದ್ದೇ, ಆದರೆ ಸೈಕಲ್ ಕಳುವಾದರೆ ಅದರಿಂದ ಏನೂ ಬರುವುದಿಲ್ಲ.

ಇ-ಸೈಕಲ್ ಇರುವವರು ಇನ್ನೂ ಎಚ್ಚರವಾಗಿರಬೇಕು. ಯುರೋಪಿನ ಒಕ್ಕೂಟದಲ್ಲಿ 250 ವ್ಯಾಟ್ ಮೋಟಾರು, ಪೆಡಲ್ ತುಳಿದಾಗ ಮಾತ್ರ ನೆರವು, ಗಂಟೆಗೆ 25 ಕಿ.ಮೀ. ದಾಟಿದರೆ ನೆರವು ನಿಲ್ಲಬೇಕು ಅಂತ ನಿಯಮ. ಇದರೊಳಗಿದ್ದರೆ ಅದು ಸೈಕಲ್. ಗಂಟೆಗೆ 45 ಕಿ.ಮೀ.ವರೆಗೆ ನೆರವು ಕೊಡುವ ಮಾದರಿಗಳು ಮೋಟಾರು ವಾಹನದ ಕಡೆಗೆ ಹೋಗುತ್ತವೆ. ಜರ್ಮನಿಯಲ್ಲಿ ಅವಕ್ಕೆ ವಿಮಾ ಪ್ಲೇಟ್ ಕಡ್ಡಾಯ, ಮನೆ ವಿಮೆಯ ಸೈಕಲ್ ಷರತ್ತು ಅವಕ್ಕೆ ಹೊಂದುವುದಿಲ್ಲ. ಅಮೆರಿಕದ ಮನೆ ಪಾಲಿಸಿಗಳಲ್ಲಿ ಮೋಟಾರು ವಾಹನಗಳನ್ನು ಹೊರಗಿಡುವ ಸಾಲು ಇ-ಸೈಕಲ್ಲಿಗೂ ತಗಲುತ್ತದಾ ಅನ್ನುವುದರ ಮೇಲೆ ವಾದ ಇದೆ. ವೇಗದ ಮಿತಿ ತೆಗೆಸಿದ ಸೈಕಲ್ ಆದರೆ ಕಂಪನಿ ಪೂರ್ತಿ ಕೈತೊಳೆದುಕೊಳ್ಳಬಹುದು. ಸಾಮಾನ್ಯ ಸೈಕಲ್ಲಿಗೆ ಮೋಟಾರು ಕೂರಿಸಿದವರು, ಅಗ್ಗದ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ಚಾರ್ಜ್ ಮಾಡುವವರು ಅದನ್ನು ವಿಮೆಯವರಿಗೆ ಮೊದಲೇ ಹೇಳುವುದು ಒಳ್ಳೆಯದು. ಅಲ್ಲಿ ಪಣಕ್ಕಿರುವುದು ಇಡೀ ಮನೆ.

ಕಾಗದದ ಕೆಲಸ ಸೈಕಲ್ ಇರುವಾಗಲೇ ಮುಗಿಸಿಡಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲ್‌ಗಳ ನಡುವಿನ ಭಾಗದ ಕೆಳಗೆ ಇರುತ್ತದೆ. ಅದರ ಫೋಟೊ, ಇಡೀ ಸೈಕಲ್ಲಿನ ಫೋಟೊ, ರಸೀದಿಗಳು, ಬೀಗದ ಮಾಡೆಲ್ ಒಂದೇ ಕಡೆ ಇರಲಿ. ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ದುಡ್ಡು ಕಳಿಸಿದ ದಾಖಲೆ, ಮಾರಿದವರ ಜತೆಗಿನ ಮೆಸೇಜು ಉಳಿಸಿಕೊಳ್ಳಿ. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಅಂಗಡಿಯವರು ಮಾರುವ ಹೊಸ ಸೈಕಲ್‌ಗಳಿಗೆ, ಪುಟ್ಟ ಮಕ್ಕಳ ಸೈಕಲ್ ಬಿಟ್ಟು, ಗುರುತಿನ ಸಂಖ್ಯೆ ಹಾಕಿ ನೋಂದಾಯಿಸುವುದು ಕಡ್ಡಾಯ. ಅಂಥ ನಿಯಮ ಇಲ್ಲದ ಕಡೆ ಸ್ವಯಂ ನೋಂದಣಿಯ ಪಟ್ಟಿಗಳಿವೆ, ಬ್ರಿಟನ್ನಿನ ಬೈಕ್‌ರಿಜಿಸ್ಟರ್‌ನ ಹಾಗೆ.

ಕೊಳ್ಳುವ ಮೊದಲು ಏಜೆಂಟರಿಗೆ ಫೋನ್ ಮಾಡಿ "ಸೈಕಲ್ ಕವರ್ ಇದೆಯಾ" ಅಂತ ಕೇಳಿದರೆ ಇದೆ ಅನ್ನುತ್ತಾರೆ. ಅದರ ಬದಲು ನಿಮ್ಮ ದಿನಚರಿಯನ್ನೇ ಬರೆದು ಇಮೇಲ್ ಮಾಡಿ. ಇಂಥ ಸೈಕಲ್, ಇಷ್ಟು ಬೆಲೆ, ಈ ಬೀಗ, ಹಗಲು ಇಂಥ ಕಡೆ ಇಷ್ಟು ಹೊತ್ತು ನಿಲ್ಲಿಸುತ್ತೇನೆ, ರಾತ್ರಿ ಗ್ಯಾರೇಜಿನಲ್ಲಿ ಇಡುತ್ತೇನೆ, ವರ್ಷಕ್ಕೊಮ್ಮೆ ರೇಸಿಗೆ ಹೋಗುತ್ತೇನೆ. ಇವುಗಳಲ್ಲಿ ಯಾವಾಗ ಕಳುವಾದರೆ ಎಷ್ಟು ಕೊಡುತ್ತೀರಿ ಅಂತ ಕೇಳಿ, ಉತ್ತರವನ್ನು ಪಾಲಿಸಿಯ ಜತೆಗೇ ಇಟ್ಟುಕೊಳ್ಳಿ. ಎರಡು ಮೂರು ಕಂಪನಿಗಳಿಂದ ಬಂದ ಇಂಥ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಪ್ರೀಮಿಯಂ ಕಡಿಮೆ ಇದ್ದದ್ದು ಯಾಕೆ ಕಡಿಮೆ ಇತ್ತು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹೊಸ ಚಕ್ರ ಹಾಕಿಸಿದಾಗ, ಮನೆ ಬದಲಾಯಿಸಿದಾಗ ಇದೇ ಇಮೇಲ್ ತಿದ್ದಿ ಮತ್ತೆ ಕಳಿಸಿ. ಸೈಕಲ್ ಮಾರಿದರೆ ಆ ದಿನವೇ ಪಟ್ಟಿಯಿಂದ ತೆಗೆಸಿ. ಉಳಿದ ತಿಂಗಳುಗಳ ಪ್ರೀಮಿಯಂನಲ್ಲಿ ಸ್ವಲ್ಪ ಭಾಗ ವಾಪಸ್ ಬರಬಹುದು, ಕೇಳಿದವರಿಗೆ ಮಾತ್ರ.